ಪರೀಕ್ಷಾದ ನಡುವ ವಿಭೂತಿ

ಅಪ್ಪಾ,

ವಲಾಂಡಿ ಸಾಲಿಗಿ ಹೊಂಟೀನಿ. ಇವತ್ತ ಶನಿವಾರ, ಹುಡುಗ್ರಿಗಿ ಅರ್ಧ ದಿನ ಪಾಠ ಹೇಳಿ ಬಂದು, ಆನ್‌ಲೈನ್ ಎಂ.ಎ. ಪರೀಕ್ಷಾಕ್ಕ ಕೂಡತೀನಿ.

ಹೋದ ಸಲ ನಾ ಬರೀತಿದ್ದಾಗ ನೀ ಹಿಂದಿನಿಂದ ಬಂದು ಹಣಿಗಿ ವಿಭೂತಿ ಹಚ್ಚಿದಿ. ಕ್ಯಾಮೆರಾದಾಗ ಇನ್ನೊಬ್ಬ ಮನಶ್ಯಾ ಕಂಡಾನಂತ ಪೇಪರ್ ರದ್ದ ಮಾಡಿದ್ರು. ಮ್ಯಾಲ ನನಗೇ ಜೋರ ಮಾಡಿದಿ: “ಆಶೀರ್ವಾದ ಮಾಡ್ಲಿಕ್ಕೂ ಪರ್ಮಿಷನ್ ಬೇಕೇನು?”

ಬೇಕಪ್ಪಾ, ಬೇಕು! ಇವತ್ತೂ ರದ್ದಾದ್ರ ನನ್ನ ಒಂದು ವರ್ಷನೇ ಹೋಗ್ತದ.

ಪರೀಕ್ಷಾ ನಡದಾಗ ಯಾರರ ನಿನಗ ಪೂಜಾ ಮಾಡಲಿಕ್ಕ ಬಾ ಅಂತ ಕರೀಲಿಕ್ಕ ಬಂದ್ರ ಹೊರಗ ಕಟ್ಟಿ ಮ್ಯಾಲೇ ಮಾತಾಡು. ಬಾಗಿಲಾ ಬಡಿದು ಚಹಾ ಕೇಳಬ್ಯಾಡ. ಸಕ್ರಿ ಎಲ್ಲಿ ಅದ ಅಂತನೂ ಕೇಳಬ್ಯಾಡ, ಒಲಿ ಹತ್ರನೇ ಇಟ್ಟೀನಿ.

ನಾ ಬರೂದ್ರೊಳಗ ವಿಭೂತಿ ತಗೊಂಡು ಬಾಗಿಲದಾಗ ನಿಂತಿರು. ಹಚ್ಚಿಸ್ಕೊಂಡೇ ಒಳಗ ಹೋಗಿ ಚಿಲಕ ಹಾಕ್ಕೋತೀನಿ.

ಶೀತಲ್