ಸಬೀಹಾಳನ್ನು ಗದಗ ಸ್ವಾಗತಿಸದೇ ಇದ್ದದ್ದು

ಗದಗ, ಫೆಬ್ರವರಿ ೩೦, ೨೧೮೭

ನೂರೈವತ್ತು ವರ್ಷ ಹಿಂದಿನ ಮಾನ್ಯ ಹಿರಿಯರೇ,

ಮೊದಲು ನನ್ನ ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ. ಕಳೆದ ತಿಂಗಳು, ಹಾಡಹಗಲಿನಲ್ಲಿ, ಗದಗ ನಿಲ್ದಾಣದ ಎರಡನೇ ಪ್ಲಾಟ್‌ಫಾರ್ಮಿನ ಮೇಲೆ, ಬುದ್ಧಿ ಸ್ವಾಧೀನದಲ್ಲಿದ್ದಾಗಲೇ, ಹತ್ತೊಂಬತ್ತರ ಹುಡುಗಿಯೊಬ್ಬಳಿಗೆ ನಾನು ಎರಡು ಬಿಸಿ ಮಿರ್ಚಿ ಕೊಟ್ಟೆ. ಅದು ಅಪರಾಧವೆಂದು ನಿಯಮ ಬರೆದವನೂ ನಾನೇ.

ಮೇಲಿನ ತಾರೀಖು ನೋಡಿ ಹುಬ್ಬೇರಿಸಬೇಡಿ. ಜುಲೈ, ಆಗಸ್ಟುಗಳಿಂದ ಒಂದೊಂದು ದಿನ ಕಿತ್ತು ಫೆಬ್ರವರಿಗೆ ಕೊಟ್ಟು ಅರವತ್ತು ವರ್ಷವಾಯಿತು. ಸೊರಗಿದ್ದ ತಿಂಗಳು ಈಗ ಮೈಕೈ ತುಂಬಿಕೊಂಡಿದೆ. ನಮ್ಮ ಪದಗಳು ಒಗರೆನಿಸಿದರೂ ಕ್ಷಮಿಸಿ. ನೀವು ಬೇಸ್‌ಬಾಲ್ ಎನ್ನುತ್ತಿದ್ದುದು ನಮಗೆ ನೆಲೆಚೆಂಡು. ಚೆಂಡು ಹೊಡೆದು, ನೆಲೆಯಿಂದ ನೆಲೆಗೆ ಓಡಿ, ಹೊರಟ ಮನೆಗೇ ಮರಳಿದರೆ ಒಂದು ಓಟ. ಮೂರು ಸಲ ಬೀಸಿ ಮೂರೂ ಸಲ ತಪ್ಪಿದರೆ ಔಟ್. ಸಂಸಾರಕ್ಕೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ಇಲ್ಲಿ ಊರೆಲ್ಲ ಸುತ್ತಿ ಮನೆಗೆ ಬಂದವನಿಗೆ ಚಪ್ಪಾಳೆ ಸಿಗುತ್ತದೆ.

ಆಟದ ದಿನ ಗದಗಿನಲ್ಲಿ ಒಲೆ ಹೊತ್ತಿಸುವವರಿಲ್ಲ. ಎಲ್ಲರೂ ತೂಗುಬಂಡಿಯಲ್ಲಿ, ಅಂದರೆ ತಂತಿಗೆ ಜೋತು ಸಾಗುವ ಬಸ್ಸಿನಲ್ಲಿ, ಮೈದಾನಕ್ಕೆ ಹೊರಡುತ್ತಾರೆ. ಅದು ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನಂಬಿದ ಬಂಡಿ. ಗಾಳಿ ನಿಂತರೆ ಬಂಡಿ ತೂಗುತ್ತದೆ, ಒಳಗಿನವರು ತೂಕಡಿಸುತ್ತಾರೆ. ಮೈದಾನದಲ್ಲಿ ನಡೆನೆರಳಿದೆ: ಬಿಸಿಲು ಸರಿದಂತೆ ತಾನೂ ಸರಿಯುವ ಚಪ್ಪರ. ಅದರ ಕೆಳಗೆ ಕೂತು ಶೇಂಗಾ ಸುಲಿಯುತ್ತ ಆಡುವವರ ತಪ್ಪನ್ನೂ ಸುಲಿಯುವುದು ನಮ್ಮ ಪರಮಸುಖ.

ಈ ಸುಖವೇ ಒಬ್ಬನನ್ನು ಬಲಿ ತೆಗೆದುಕೊಂಡಿತು. ನಾಲ್ಕು ವರ್ಷದ ಹಿಂದೆ ಬಸವಂತ ತೋಟದ ಎಂಬ ತರುಣ ನಮ್ಮ ತಂಡಕ್ಕೆ ಬಂದ. ಚೆಂಡಾಟದವನಿಗೆ ಚೆಂಡುಹೂವಲ್ಲದೆ ಇನ್ನೇನು ಎಂದು ಲಾರಿಗಟ್ಟಲೆ ಸುರಿದೆವು. ಅವನು ದಾಂಡು ಹಿಡಿಯುವ ಮೊದಲೇ ಒಂದು ಸರ್ಕಲ್ಲಿಗೂ ಹನ್ನೊಂದು ಕೂಸುಗಳಿಗೂ ಅವನ ಹೆಸರಿಟ್ಟಾಗಿತ್ತು. ಮೊದಲ ಸರದಿಯಲ್ಲೇ ಔಟಾದ. ನಲವತ್ತು ಸಾವಿರ ಬಾಯಿಗಳು ಒಟ್ಟಿಗೆ ‘ಅಯ್ಯೋ’ ಎಂದವು. ನಮ್ಮ ನಿರೀಕ್ಷೆ ಅವನಿಗೆ ಪರೀಕ್ಷೆಯಾಗಿ, ಶಿಕ್ಷೆಯೂ ಆಯಿತು. ಈಗ ಮುಂಡರಗಿಯಲ್ಲಿ ಜೇನು ಸಾಕಿಕೊಂಡು ಸುಖವಾಗಿದ್ದಾನೆ. ಜೇನುಹುಳುಗಳು ಕಚ್ಚುತ್ತವೆಯೇ ಹೊರತು ‘ಅಯ್ಯೋ’ ಅನ್ನುವುದಿಲ್ಲವಂತೆ.

ಆದ್ದರಿಂದ ಇಳಕಲ್ಲಿನ ಸಬೀಹಾ ಮಕಾನದಾರ ನಮ್ಮ ತಂಡಕ್ಕೆ ಬರುತ್ತಾಳೆಂದು ತಿಳಿದಾಗ ನಾವು ನಿರೀಕ್ಷಾ ನಿಗ್ರಹ ಸಮಿತಿ ಕಟ್ಟಿದೆವು. ಅವಳು ಹೊಡೆದ ಚೆಂಡು ಕುಷ್ಟಗಿಯಲ್ಲಿ ಸಿಕ್ಕಿತೆಂಬ ಸುದ್ದಿ ಆಗಲೇ ಹಬ್ಬಿತ್ತು. ಮೊದಲ ಆಟ ಮುಗಿಯುವವರೆಗೆ ಯಾರೂ ಅವಳನ್ನು ಸ್ವಾಗತಿಸಕೂಡದು, ಹೊಗಳಕೂಡದು, ಗುರುತಿಸಲೂ ಕೂಡದು ಎಂದು ನಿಯಮ ಮಾಡಿದೆವು. ನಿವೃತ್ತ ಕನ್ನಡ ಪ್ರಾಧ್ಯಾಪಕ ದ್ಯಾಮಣ್ಣ ಕೋಟುಮಚಗಿಯಾದ ನಾನು ಕಾರ್ಯದರ್ಶಿಯಾದೆ. ಆಯ್ಕೆ ಸರಿಯಾಗಿಯೇ ಇತ್ತು. ಈ ಊರಿನಲ್ಲಿ ನಿರೀಕ್ಷೆಯ ರೋಗ ತಗುಲದ ಏಕೈಕ ಮನುಷ್ಯ ನಾನು. ತಂಡ ಗೆದ್ದರೂ ಸೋತರೂ ನನ್ನ ನಾಡಿ ಎಪ್ಪತ್ತೆರಡೇ.

ಗದಗಿನವರು ಕೆಲಸ ಒಪ್ಪಿಕೊಂಡರೆ ಅರೆಬರೆ ಮಾಡುವವರಲ್ಲ. ಅವಳು ಬಂದಿಳಿದ ದಿನ ನಿಯಮ ಪಾಲನೆ ನೋಡಲು ನಾನು ನಿಲ್ದಾಣಕ್ಕೆ ಹೋದೆ. ಅವಳು ಆಟೋದವನನ್ನು ಮೈದಾನ ಎಲ್ಲಿ ಎಂದು ಕೇಳಿದಳು. ಅವನು, “ಮೈದಾನ? ನಮ್ಮೂರಾಗ ಮೈದಾನ ಐತೇನವಾ?” ಎಂದು ಚಹಾದವನ ಮುಖ ನೋಡಿದ. ಚಹಾದವನು ಅವಳ ಚಿತ್ರವನ್ನೇ ಅಂಗಡಿಯಲ್ಲಿ ಮಡಚಿಟ್ಟುಕೊಂಡವನು, “ನಾ ಹುಟ್ಟಿದಾಗಿಂದ ಕಂಡಿಲ್ಲಪಾ,” ಎಂದ. ಹುಡುಗಿ ಚೀಲ ಎತ್ತಿಕೊಂಡು ಸೀದಾ ಎರಡನೇ ಪ್ಲಾಟ್‌ಫಾರ್ಮಿನ ಟಿಕೆಟ್ ಕಿಟಕಿಗೆ ನಡೆದಳು.

“ಎಲ್ಲಿಗೆ ಹೊಂಟಿ ಯವ್ವಾ?” ಎಂದೆ.

“ಇಳಕಲ್ಲಿಗ್ರಿ. ಇಲ್ಲಿ ನಾ ಯಾರಿಗೂ ಬೇಕಾಗಿಲ್ಲರಿ.”

ನಾಲ್ಕೂ ಹತ್ತರ ರೈಲು ಆಗಲೇ ಬಂದು ನಿಂತಿತ್ತು. ಮೊದಲನೆಯವನನ್ನು ಹೂವಿನಿಂದ ಓಡಿಸಿದ ಊರು ಎರಡನೆಯವಳನ್ನು ಮೌನದಿಂದ ಓಡಿಸಲಿತ್ತು. ಆಗಲೇ ನಾನು ಪಕ್ಕದ ಬಾಣಲೆಯಿಂದ ಮಿರ್ಚಿ ಇಸಿದುಕೊಂಡು, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ್ದು.

“ಬ್ಯಾಡಾಗಿಲ್ಲವಾ, ಭಾಳ ಬೇಕಾಗೀದಿ. ಹಿಂದಿನವಂಗ ನಮ್ಮ ಪ್ರೀತಿ ಅಜೀರ್ಣ ಆತು. ನಿನಗೂ ಆಗಬಾರದಂತ ಎಲ್ಲಾರೂ ಬಾಯಿ ಕಟ್ಟಿಕೊಂಡು ಕುಂತೀವಿ.”

ಅವಳು ಚಹಾದವನ ಕಡೆ ನೋಡಿದಳು. ಅವನು ನಾಚಿ, ಚಿತ್ರ ಬಿಚ್ಚಿ ತೋರಿಸಿದ.

“ಮತ್ತ ನಾ ಔಟಾದ್ರರಿ?” ಎಂದಳು ಮಿರ್ಚಿ ಕಚ್ಚುತ್ತ.

“ಆದ್ರ ಆಗು. ನಾನಂತೂ ನಿನ್ನ ಮ್ಯಾಲ ಎಳ್ಳಷ್ಟೂ ಆಸೆ ಇಟ್ಟಿಲ್ಲ.”

“ನೀವೊಬ್ರರ ಇದ್ದೀರಲ್ಲ, ಸಾಕು ಬಿಡ್ರಿ,” ಎಂದಳು. ರೈಲು ಅವಳಿಲ್ಲದೆ ಹೊರಟಿತು.

ಮೊದಲ ಆಟದಲ್ಲಿ ಸಬೀಹಾ ಮೂರು ಸಲ ಬೀಸಿದಳು. ಮೂರು ಸಲವೂ ಗಾಳಿಯಷ್ಟೇ ಪೆಟ್ಟು ತಿಂದಿತು. ಔಟ್. ಅವಳು ತಲೆಯೆತ್ತಿ ನಮ್ಮ ಕಡೆ ನೋಡಿದಳು. ನಲವತ್ತು ಸಾವಿರ ಜನ ಶೇಂಗಾದಲ್ಲಿ ಮಗ್ನರಾಗಿದ್ದರು. ಅವಳ ಹೆಗಲು ಇಳಿದು ಸಡಿಲವಾದದ್ದು ನನಗೂ ಕಂಡಿತು. ಎರಡನೇ ಸರದಿಯಲ್ಲಿ ಚೆಂಡು ಚಪ್ಪರ ದಾಟಿತು. ಕುಷ್ಟಗಿಯೇನೂ ಮುಟ್ಟಲಿಲ್ಲ, ಹುಲಕೋಟಿ ರಸ್ತೆಯಲ್ಲಿ ಸಿಕ್ಕಿತು. ನಮಗೆ ಅಷ್ಟು ಸಾಕು. ಈಗ ಅವಳು ಇಲ್ಲೇ ಮನೆ ಹಿಡಿದಿದ್ದಾಳೆ.

ನಿಮ್ಮಲ್ಲಿ ವಿನಂತಿ ಇಷ್ಟೇ: ನಿಮ್ಮ ಕಾಲದಲ್ಲೂ ಯಾರೋ ಹೊಸಬರು ಯಾವುದೋ ಊರಿಗೆ ಬಂದಿಳಿಯುತ್ತಿರುತ್ತಾರೆ. ಅವರಿಗೆ ಒಮ್ಮೆ ಔಟಾಗುವಷ್ಟು ಜಾಗ ಬಿಡಿ.

ಇಲ್ಲಿಗೇ ಕೈ ಮುಗಿಯಬಹುದಿತ್ತು. ಆದರೆ ಆ ಮೊದಲ ಆಟದ ದಾಖಲೆ ಪುಸ್ತಕ ಎಂದಾದರೂ ನಿಮ್ಮವರ ಕೈಗೆ ಸಿಕ್ಕೀತು, ನಾನೇ ಹೇಳುವುದು ಮೇಲು. ಅವಳು ಔಟಾದಾಗ ಊರೆಲ್ಲ ಸುಮ್ಮನಿತ್ತು, ಮೂರನೇ ಸಾಲಿನ ಒಬ್ಬನನ್ನು ಬಿಟ್ಟು. ಅವನು ಗೊಳೋ ಎಂದು ಅತ್ತ. ಪಕ್ಕದವರು ಬಾಯಿಗೆ ಟವೆಲ್ ಒತ್ತಿದರೂ ನಿಲ್ಲಿಸಲಿಲ್ಲ. ಕಡೆಗೆ ಸಬೀಹಾಳೇ ದಾಂಡು ಕೆಳಗಿಟ್ಟು, ಕಟಾಂಜನ ಹತ್ತಿ ಬಂದು, “ಸಮಾಧಾನ ಮಾಡ್ಕೋರಿ ಸರ, ಬರೇ ಆಟ ಐತಿ,” ಎನ್ನುತ್ತ ಅವನ ಬೆನ್ನು ಸವರಬೇಕಾಯಿತು. ಪುಸ್ತಕದಲ್ಲಿ ಹೀಗೆ ಬರೆದಿದ್ದಾರೆ: ‘ಆಟ ಏಳು ನಿಮಿಷ ಸ್ಥಗಿತ. ಕಾರಣ: ಸಮಿತಿಯ ಕಾರ್ಯದರ್ಶಿ.’