ಮತ್ತೆ ಏರಿದ ನನ್ನ ತೂಕ, ನನ್ನ ತಂಗಿಯ ಸೊಂಟದ ಅಳತೆ

ತೂಕ ಇಳಿಕೆ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನಿಮ್ಮ ವಿಭಾಗದ ಗೋಡೆಯಿಂದ ನನ್ನನ್ನು ಕತ್ತರಿಸಿ ತೆಗೆದು, ನನ್ನ ತಂಗಿಯನ್ನು ಮಾತ್ರ ಉಳಿಸಿಕೊಂಡಿದ್ದೀರಿ. ನನ್ನ ದೂರು ಇಲ್ಲಿಂದ ಶುರು. ಐದು ವರ್ಷಗಳ ಹಿಂದೆ ಒಂದೇ ವಾರದಲ್ಲಿ ನಮ್ಮಿಬ್ಬರ ಹೊಟ್ಟೆಯನ್ನೂ ಮುಕ್ಕಾಲು ಪಾಲು ಕತ್ತರಿಸಿದವರು ನೀವೇ. ವರ್ಷ ತುಂಬಿದಾಗ ಇಬ್ಬರನ್ನೂ ಜೊತೆಯಾಗಿ ನಿಲ್ಲಿಸಿ ಫೋಟೊ ತೆಗೆಸಿ, ‘ಸಾಧಕ ಸಹೋದರಿಯರು’ ಎಂದು ಬರೆಸಿ, ರೋಗಿಗಳು ಕಾಯುವ ಬೆಂಚಿನ ಎದುರು ತೂಗುಹಾಕಿದವರೂ ನೀವೇ. ಹೋದ ತಿಂಗಳು ಬಂದು ನೋಡಿದರೆ ಚೌಕಟ್ಟು ಚಿಕ್ಕದಾಗಿದೆ. ತಂಗಿ ಒಬ್ಬಳೇ ನಗುತ್ತಿದ್ದಾಳೆ, ಅವಳ ಹೆಗಲ ಮೇಲೆ ನನ್ನ ನಾಲ್ಕು ಬೆರಳುಗಳಿವೆ. ಕೆಳಗಿನ ಫಲಕವನ್ನೂ ಬದಲಿಸಿದ್ದೀರಿ. ಇಷ್ಟು ಚುರುಕಾದ ಕೆಲಸವನ್ನು ನಿಮ್ಮ ಆಸ್ಪತ್ರೆಯಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಮೇಜಿನ ಹಿಂದಿದ್ದ ನರ್ಸಮ್ಮನನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ, “ನೀವೀಗ ಆ ಫೋಟೊದಲ್ಲಿರೋ ಹಾಗಿಲ್ವಲ್ಲ ಮೇಡಂ. ಹಾಗೇ ಬಿಟ್ರೆ ಜನರಿಗೆ ಸುಳ್ಳು ಹೇಳಿದ ಹಾಗಾಗುತ್ತೆ” ಎಂದರು. ಆಹಾ! ನಿಮ್ಮ ಸತ್ಯನಿಷ್ಠೆಗೆ ನಮಸ್ಕಾರ. ಕಳೆದುಕೊಂಡ ತೂಕ ಎಷ್ಟೋ ಜನರಿಗೆ ಮರಳಿ ಬರುತ್ತದೆ ಎಂಬ ಸತ್ಯವನ್ನು ಆಪರೇಷನ್ನಿಗೆ ಮುಂಚೆ ನಮ್ಮ ಕಿವಿಗೆ ಹಾಕಬೇಕಿದ್ದಾಗ ಈ ನಿಷ್ಠೆ ಎಲ್ಲಿ ರಜೆ ಹಾಕಿ ಹೋಗಿತ್ತು?

ನನ್ನ ಲೆಕ್ಕ ಬಚ್ಚಿಡುವಂಥದ್ದಲ್ಲ. ನೂರ ಹದಿನೆಂಟು ಕಿಲೋ ಇದ್ದೆ, ಎಪ್ಪತ್ನಾಲ್ಕಕ್ಕೆ ಇಳಿದೆ, ಈಗ ನೂರಾ ಒಂದು. ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಆಪರೇಷನ್ನಾದ ಮೂರನೆಯ ವರ್ಷ ಅಮ್ಮ ಹಾಸಿಗೆ ಹಿಡಿದರು. ಹದಿನಾಲ್ಕು ತಿಂಗಳು ಹೊಲಿಗೆ ಯಂತ್ರಕ್ಕೂ ಅಮ್ಮನ ಮಂಚಕ್ಕೂ ನಡುವೆ ಓಡಾಡಿದೆ. ಕೂತು ಉಣ್ಣಲು ಪುರುಸೊತ್ತಿರಲಿಲ್ಲ, ಉಂಡರೂ ನೀವು ಉಳಿಸಿದ ಹೊಟ್ಟೆ ಹಿಡಿಯುತ್ತಿರಲಿಲ್ಲ. ಆದರೆ ಒಂದು ಬಿಸ್ಕತ್ತಿಗೆ ಎಂಥ ಹೊಟ್ಟೆಯಲ್ಲೂ ಜಾಗವಿರುತ್ತದೆ, ಅರ್ಧ ಗಂಟೆ ಬಿಟ್ಟರೆ ಇನ್ನೊಂದಕ್ಕೂ. ಅಮ್ಮ ಹೋದ ಮೇಲೆ ಬಿಸ್ಕತ್ತು ಬಿಟ್ಟೆ, ನಡೆದೆ, ಅಳೆದು ತೂಗಿ ತಿಂದೆ. ತೂಕ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ನಿಮ್ಮಲ್ಲೇ ಇದ್ದ ಒಬ್ಬ ಕಿರಿಯ ಡಾಕ್ಟರು, “ಅದು ಬರೀ ನಿಮ್ಮ ತಪ್ಪಲ್ಲಮ್ಮ, ದೇಹಾನೇ ಹಳೇ ತೂಕಕ್ಕೆ ಎಳೀತಾ ಇರುತ್ತೆ” ಎಂದಿದ್ದರು. ಆ ಮಹಾನುಭಾವರು ಆಮೇಲೆ ನಿಮ್ಮಲ್ಲಿ ಕಾಣಿಸಲಿಲ್ಲ.

ತಂಗಿಗೆ ಮಾತ್ರ ಹಾಗಾಗಲಿಲ್ಲ. ಅವಳು ಹೋಟೆಲೊಂದರ ಸ್ವಾಗತ ಮೇಜಿನಲ್ಲಿ ನಿಲ್ಲುವವಳು. ಅಮ್ಮ ಮಲಗಿದ್ದಾಗ ಭಾನುವಾರ ಬರುತ್ತಿದ್ದಳು, ಅಮ್ಮನ ತಲೆ ಬಾಚುತ್ತಿದ್ದಳು, ಹೊರಡುತ್ತಿದ್ದಳು. ಶಾಲೆಯಲ್ಲಿ ನಮ್ಮನ್ನು ದೊಡ್ಡ ಡ್ರಮ್ಮು, ಚಿಕ್ಕ ಡ್ರಮ್ಮು ಎಂದು ಕರೆಯುತ್ತಿದ್ದರು, ಇಬ್ಬರೂ ಒಂದೇ ಮೂಲೆಯಲ್ಲಿ ಕೂತು ಅತ್ತವರು. ಈಗ ಅವಳು ನಮ್ಮ ಮನೆಯ ಊಟದ ಮೇಜಿನಲ್ಲಿ ಅರ್ಧ ಮೊಟ್ಟೆ ತಿಂದು, ಉಳಿದರ್ಧವನ್ನು ತಟ್ಟೆಯ ಅಂಚಿಗೆ ಸರಿಸಿ, “ಸಾಕಪ್ಪಾ” ಅನ್ನುತ್ತಾಳೆ. ಅವಳ ಕೆಲಸದ ಮೇಲೆ, ಮನೆಯ ಮೇಲೆ, ಗಂಡನ ಮೇಲೆ ನನಗೆ ಎಂದೂ ಅಸೂಯೆಯಾಗಿಲ್ಲ. ಆ “ಸಾಕಪ್ಪಾ” ಮೇಲೆ ಆಗಿದೆ. ಅದು ಅವಳಿಗೆ ಅಷ್ಟು ಸಲೀಸಾಗಿ ಹೇಗೆ ಬರುತ್ತದೆ? ನನ್ನ ಯಜಮಾನರು ಬೇರೆ, “ನಿನ್ನ ತಂಗೀನ ನೋಡಿ ಕಲಿ, ಅವಳೂ ಅದೇ ಆಪರೇಷನ್ ಮಾಡಿಸ್ಕೊಂಡಿದ್ದು” ಎಂದು ಒಗ್ಗರಣೆ ಹಾಕುತ್ತಾರೆ. ಬಗ್ಗಿ ತಮ್ಮ ಬೂಟಿನ ದಾರ ಕಟ್ಟಿಕೊಳ್ಳಲಾಗದ ಮನುಷ್ಯ! ನೀವು ಹೊಟ್ಟೆಯ ಮುಕ್ಕಾಲು ಭಾಗ ತೆಗೆದಿರಿ, ಕಿಚ್ಚಿಗೆ ಉಳಿದ ಕಾಲು ಭಾಗವೇ ಧಾರಾಳವಾಯಿತು.

ಇನ್ನು ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತಿದೆ, ಆದರೂ ಬರೆಯುತ್ತೇನೆ. ಮನೆಗೆ ಕಳಿಸುವಾಗ ನಿಮ್ಮ ಆಹಾರ ತಜ್ಞೆ ನಮಗೊಂದು ಪಾಠ ಹೇಳಿದ್ದರು: “ದಿನಾ ತೂಕ ನೋಡಿ ತಲೆ ಕೆಡಿಸ್ಕೋಬೇಡಿ. ನಿಮ್ಮ ಬಟ್ಟೆ ಏನು ಹೇಳುತ್ತೋ ಅದನ್ನ ನಂಬಿ.” ತಂಗಿ ಅದನ್ನು ಅಕ್ಷರಶಃ ಪಾಲಿಸಿದಳು, ಮನೆಯ ತೂಕದ ಯಂತ್ರವನ್ನು ಯಾರಿಗೋ ಕೊಟ್ಟುಬಿಟ್ಟಳು. ಅವಳ ಬಟ್ಟೆ ಹೊಲಿಯುವವಳು ನಾನು. ಹೋದ ವರ್ಷ ಹೋಟೆಲಿನವರು ಹೊಸ ಸಮವಸ್ತ್ರದ ಬಟ್ಟೆ ಕೊಟ್ಟಾಗ ಅವಳ ಸೊಂಟ ಸರಿಯಾಗಿ ಮೂವತ್ತೆರಡು ಇಂಚಿತ್ತು. ನಾನು ಮೂವತ್ತೊಂದೂವರೆಗೆ ಹೊಲಿದೆ. ಕೈತಪ್ಪಿ ಅಲ್ಲ, ಮೂವತ್ತು ವರ್ಷ ಕತ್ತರಿ ಹಿಡಿದ ಕೈ ಅರ್ಧ ಇಂಚು ತಪ್ಪುವುದಿಲ್ಲ.

“ಅಕ್ಕಾ, ಯಾಕೋ ಬಿಗಿ ಆಗ್ತಿದೆ ಕಣೇ” ಎಂದು ಬಂದಳು. ಅವಳ ಮುಖದಲ್ಲಿ ಹೆದರಿಕೆ ಕಂಡಿತು. ನನಗೆ ಎಷ್ಟೋ ದಿನಗಳ ಮೇಲೆ ಹಾಯೆನಿಸಿತು, ಅದನ್ನೂ ಹೇಳಿಬಿಡುತ್ತೇನೆ. “ಹೊಲಿಗೆ ಸರಿಯಾಗೇ ಇದೆಯಲ್ಲೇ. ಬಾ, ಅಳತೆ ನೋಡೋಣ” ಎಂದು ಟೇಪು ಸುತ್ತಿದೆ. ಮೂವತ್ತೆರಡೇ ಇತ್ತು. ಬಾಯಲ್ಲಿ ಮೂವತ್ಮೂರು ಎಂದೆ. ಅವಳು ಟೇಪಿನತ್ತ ನೋಡಲೂ ಇಲ್ಲ. ಅಕ್ಕ ಹೇಳಿದ ಅಳತೆಯನ್ನು ಯಾರು ತಾನೆ ಮರುಪರೀಕ್ಷೆ ಮಾಡುತ್ತಾರೆ? ಹೊಲಿಗೆ ಬಿಚ್ಚಿ ಸಡಿಲ ಮಾಡಿದಂತೆ ಮಾಡಿ, ಇದ್ದಷ್ಟಕ್ಕೇ ಮತ್ತೆ ಹೊಲಿದುಕೊಟ್ಟೆ. ಮುಂದೆ ಅವಳ ಕೋಟು, ಲಂಗ, ಯಾವುದು ಕೈಗೆ ಬಂದರೂ, ಬಂದಾಗಲೆಲ್ಲ ಅಳತೆಯನ್ನೂ ನೋಡದೆ ಇನ್ನೊಂದು ಅರ್ಧ ಇಂಚು ಕದ್ದೆ. ಅವಳೂ ನನ್ನ ಸಾಲಿಗೆ ಬಂದಳೆಂದು ಅವಳಿಗೂ ಅನಿಸಲಿ, ನನ್ನ ಪಕ್ಕ ಮತ್ತೆ ಆ ಮೂಲೆಯಲ್ಲಿ ಕೂರಲಿ ಎಂದಷ್ಟೇ ನನ್ನ ಆಸೆಯಿತ್ತು.

ಅವಳು ಪಕ್ಕದಲ್ಲಿ ಕೂರಲಿಲ್ಲ, ಉಣ್ಣುವುದನ್ನು ನಿಲ್ಲಿಸಿದಳು. ಮೊಟ್ಟೆ ಬಿಟ್ಟಳು, ನೀವು ಬರೆದುಕೊಟ್ಟ ಪ್ರೋಟೀನ್ ಪುಡಿಯನ್ನು ಬಿಟ್ಟಳು, ಬರೀ ತಿಳಿ ಸೂಪಿನಲ್ಲಿ ದಿನ ದೂಡಿದಳು. ಬಾಚಣಿಗೆ ತುಂಬ ಕೂದಲು ಬರತೊಡಗಿತು. ಮೂರು ವಾರದ ಹಿಂದೆ ಸ್ವಾಗತ ಮೇಜಿನ ಹಿಂದೆ, ಯಾರಿಗೋ ಕೋಣೆಯ ಬೀಗದ ಕೈ ಕೊಡುತ್ತಾ ಕುಸಿದು ಬಿದ್ದಳು. ನಾನು ಓಡಿಹೋಗಿ ಮನೆಗೆ ಕರೆತಂದೆ. ಬಟ್ಟೆ ಬದಲಿಸುವಾಗ ಕೈಗೆ ಬರೀ ಮೂಳೆ ಸಿಕ್ಕಿತು. ಟೇಪು ಸುತ್ತಿದೆ. ಇಪ್ಪತ್ತೊಂಬತ್ತು. ಮಾನ್ಯರೇ, ಆ ಅಂಕಿ ಕಂಡು ಹೆದರಿ ಮತ್ತೊಮ್ಮೆ ಟೇಪು ಸುತ್ತಿದೆ. ಅದಕ್ಕೂ ಒಂದು ಕ್ಷಣ ಮುಂಚೆ, ಇಪ್ಪತ್ತೊಂಬತ್ತಂತೆ ಎಂದು ಹೊಟ್ಟೆ ಉರಿದಿತ್ತು. ನನ್ನಂಥವಳನ್ನು ಯಾವ ಗೋಡೆಯ ಮೇಲೆ ತೂಗುಹಾಕುತ್ತೀರಿ?

“ಇಪ್ಪತ್ತೊಂಬತ್ತು ಕಣೇ, ನೀನು ಸವೆದುಹೋಗ್ತಿದ್ದೀಯ” ಎಂದೆ. ಅವಳು ನಕ್ಕಳು. “ಸಮಾಧಾನ ಮಾಡೋಕೆ ಸುಳ್ಳು ಹೇಳ್ಬೇಡ ಅಕ್ಕಾ. ನನ್ನ ಬಟ್ಟೆ ನನಗೆ ಗೊತ್ತಿಲ್ವಾ?” ಆಸ್ಪತ್ರೆಗೆ ಹೋಗೋಣ ನಡಿ ಎಂದರೆ, “ಅಯ್ಯೋ ಬೇಡಮ್ಮಾ, ಅಲ್ಲಿ ತೂಕ ನೋಡ್ತಾರೆ. ನಿನ್ನ ಹಾಗೇ ನನ್ನೂ ಫೋಟೊದಿಂದ ಕತ್ತರಿಸಿ ಹಾಕ್ತಾರೆ” ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಮಾಡಿದ್ದನ್ನು ಅಲ್ಲೇ ಹೇಳಿಬಿಡಬೇಕಿತ್ತು. ಹೇಳುವ ಬದಲು ಅವಳ ಸಮವಸ್ತ್ರವನ್ನು ಮಡಿಸಿಟ್ಟೆ.

ಮರುದಿನ ನಿಮ್ಮ ಕಚೇರಿಗೆ ಫೋನು ಮಾಡಿದೆ. ಗುಮಾಸ್ತರು ಕಂಪ್ಯೂಟರು ನೋಡಿ, ತಂಗಿಯ ಕಡತ ‘ಯಶಸ್ವಿ’ ಎಂದು ಮುಚ್ಚಿದೆ, ಅವಳಿಗೆ ತಪಾಸಣೆಯ ಅಗತ್ಯವಿಲ್ಲ ಎಂದರು. ಹಾಗಾದರೆ ನನ್ನದು? ನನ್ನದು ‘ಸಹಕರಿಸದ ರೋಗಿ’ ಎಂದು ಮುಚ್ಚಿದೆ, ತಪಾಸಣೆಗೆ ಅವಕಾಶವಿಲ್ಲ. ಗೆದ್ದವರಿಗೆ ಬೇಡ, ಸೋತವರಿಗಿಲ್ಲ! ಹಾಗಿದ್ದರೆ ನಿಮ್ಮ ತಪಾಸಣಾ ಕೋಣೆಯಲ್ಲಿ ಹಗಲೆಲ್ಲ ದೀಪ, ಫ್ಯಾನು ಯಾರಿಗಾಗಿ ಉರಿಯುತ್ತವೆ, ತಿರುಗುತ್ತವೆ? ತಂಗಿಗೆ ನಾನು ಮಾಡಿದ್ದು ದ್ರೋಹ, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ತೂಕ ಏರಿದವರು ನಾಚಿಕೆಯಿಂದ, ಏರದವರು ಹೆದರಿಕೆಯಿಂದ ನಿಮ್ಮ ಬಾಗಿಲಿಗೆ ಬಾರದಂತೆ ಮಾಡಿದ್ದು ನೀವು. ಅದರ ಉತ್ತರ ನೀವೇ ಕೊಡಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಆ ಫೋಟೊಗಳನ್ನೆಲ್ಲ ಇಳಿಸಿ. ಆಪರೇಷನ್ ಆದವರೆಲ್ಲರ ಕಡತ ತೆರೆದಿಡಿ. ತೂಕ ಮರಳಿ ಬಂದವರಿಗೆ ಒಂದು ದಿನ ಕೊಡಿ, ಬೈಯದೆ ನೋಡುವ ಒಬ್ಬ ಡಾಕ್ಟರನ್ನು ಕೊಡಿ. ನಾನು ಬರುತ್ತೇನೆ, ನೂರಾ ಒಂದು ಕಿಲೋ ಹೊತ್ತುಕೊಂಡು ಮುಂಬಾಗಿಲಿನಿಂದಲೇ ಬರುತ್ತೇನೆ. ಆದರೆ ಎಲ್ಲಕ್ಕೂ ಮೊದಲು ಇವತ್ತೇ ನನ್ನ ತಂಗಿಗೆ ಫೋನು ಮಾಡಿ ಕರೆಸಿಕೊಳ್ಳಿ. ಎಲ್ಲರೆದುರು ಬೇಡ, ಬಾಗಿಲು ಮುಚ್ಚಿ ತೂಕ ನೋಡಿ, ಆ ಅಂಕಿಯನ್ನು ನಿಮ್ಮ ಬಾಯಿಂದಲೇ ಹೇಳಿ.

ಅವಳು ಮತ್ತೆ ಕೆಲಸಕ್ಕೆ ಹೋಗತೊಡಗಿದ್ದಾಳೆ. ಬೆಳಿಗ್ಗೆ ಹೋಟೆಲಿಗೆ ಬರುವ ಈ ಪತ್ರಿಕೆಯಲ್ಲಿ ಅವಳು ಮೊದಲು ಓದುವುದು ವಾಚಕರ ಪತ್ರಗಳನ್ನೇ. ಅದಕ್ಕೇ ಇಲ್ಲಿ ಬರೆದೆ. ಇಷ್ಟು ಹೊತ್ತಿಗೆ ಅವಳಿಗೆ ಎಲ್ಲ ಗೊತ್ತಾಗಿರುತ್ತದೆ. ಇನ್ನು ನಾನು ಏನು ಹೇಳಿದರೂ ಅವಳು ನಂಬಲಾರಳು, ನಂಬಲೂಬಾರದು. ನೀವು ಹೇಳಿದರೆ ಒಂದು ಹೊತ್ತು ಉಂಡಾಳು.

ಇಂತಿ,
ಈ ಪತ್ರ ಅಚ್ಚಾದ ದಿನದಿಂದ ತಂಗಿ ಮಾತಾಡಿಸಲಾರದ,
ನಿಮ್ಮ ಕಡತದ ‘ಸಹಕರಿಸದ ರೋಗಿ’