ಜನವರಿಯಲ್ಲಿ ಮನೆಗೆ ಮರಳುವ ಮೀನಿನ ಡಬ್ಬಿಗಳು

ಕಂಪನಿಗಳ ಲೆಕ್ಕಪತ್ರಗಳ ಮೇಲೆ ಕಣ್ಣಿಟ್ಟಿರುವ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಕಂಪನಿಯಲ್ಲಿ ಸುಳ್ಳು ಲೆಕ್ಕಕ್ಕೆ ಸಹಿ ಹಾಕಲು ಒಪ್ಪದವರು ಒಬ್ಬರೇ ಒಬ್ಬರಿದ್ದರು. ತಾವು ಹುಡುಕಿ ಹುಡುಕಿ ಅವರಿಗೇ ದಂಡ ಹಾಕಿದ್ದೀರಿ. ಇಷ್ಟು ಕರಾರುವಾಕ್ಕಾಗಿ ಗುರಿ ತಪ್ಪಬೇಕಾದರೂ ಒಂದು ಸಾಧನೆ ಬೇಕು. ಅಭಿನಂದನೆಗಳು.

ನಾನು ಮಾಂತಾ ಬಂದರಿನ ಡಬ್ಬಿ ಮೀನಿನ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ರವಾನೆ ಗುಮಾಸ್ತ. ಗೋದಾಮಿನಿಂದ ಹೊರಗೆ ಹೋಗುವ ಪ್ರತಿ ಡಬ್ಬಿಗೂ ಚೀಟಿ ಬರೆಯುವವನು ನಾನು. ಒಳಗೆ ವಾಪಸು ಬರುವ ಡಬ್ಬಿಗೆ ಬರೆಯುವವನೂ ನಾನೇ, ಅದನ್ನು ನೆನಪಿಟ್ಟುಕೊಳ್ಳಿ. ದಂಡ ಬಿದ್ದದ್ದು ನಮ್ಮ ಮುಖ್ಯ ಲೆಕ್ಕಿಗರಾಗಿದ್ದ, ನಾವೆಲ್ಲ ಗೌರವದಿಂದ ದೋನ್ಯಾ ಎನ್ನುವ ಓಲ್ಗಾ ಆಂಚುಂದಿಯಾ ಅವರಿಗೆ. ಆರೋಪ: ವಾರ್ಷಿಕ ಲೆಕ್ಕಪತ್ರಕ್ಕೆ ಸಕಾಲದಲ್ಲಿ ಸಹಿ ಮಾಡದೆ ಕರ್ತವ್ಯಲೋಪ. ಈ ಡಿಸೆಂಬರ್ ಮೂವತ್ತೊಂದರೊಳಗೆ ತಮಗೆ ತೃಪ್ತಿಯಾಗುವ ಉತ್ತರ ಸಿಗದಿದ್ದರೆ ಅವರ ಇಪ್ಪತ್ತಾರು ವರ್ಷದ ಪರವಾನಗಿ ರದ್ದು. ಆಕೆ ಉತ್ತರ ಬರೆದರು. ತಮ್ಮ ಕಚೇರಿಯಿಂದ ಒಂದು ಸ್ವೀಕೃತಿ ಸಂಖ್ಯೆ ಬಂತು, ಹದಿನಾಲ್ಕು ಅಂಕಿಯದು. ಮೂರು ತಿಂಗಳಾಯಿತು, ಆ ಸಂಖ್ಯೆ ಇನ್ನೂ ಬಾಯಿ ಬಿಟ್ಟಿಲ್ಲ.

ಸಹಿ ಏಕೆ ಮಾಡಲಿಲ್ಲ ಎಂದು ತಾವು ಕೇಳಲಿಲ್ಲ. ಆದ್ದರಿಂದ ಕೇಳದೆಯೇ ಹೇಳುತ್ತೇನೆ.

ನಮ್ಮ ಯಜಮಾನರಾದ ದೊನ್ ಎಲೌತೇರಿಯೋ ಅವರು ಕಂಪನಿಯ ಪ್ರಧಾನ ವ್ಯವಸ್ಥಾಪಕರು. ಪ್ರಧಾನ ವ್ಯವಸ್ಥಾಪಕರ ಮೇಲೆ ನಿಗಾ ಇಡುವ ನಿರ್ದೇಶಕ ಮಂಡಳಿಗೆ ಅವರೇ ಅಧ್ಯಕ್ಷರು. ಲೆಕ್ಕ ಪರಿಶೀಲಿಸುವ ಸಮಿತಿಯಲ್ಲಿ ಮೂವರಿದ್ದಾರೆ: ಅವರ ಹಲ್ಲಿನ ಡಾಕ್ಟರು, ಅವರ ನಾದಿನಿ, ಅವರ ಮಗನಿಗೆ ಚರ್ಚಿನ ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ನಿಂತ ಗೆಳೆಯ. ಹೀಗಾಗಿ ಕಂಪನಿಯಲ್ಲಿ ಭಿನ್ನಾಭಿಪ್ರಾಯ ಎಂಬುದು ಬರುವುದು ಹಲ್ಲು ಕೀಳಬೇಕೋ ಬೇಡವೋ ಎಂಬ ವಿಷಯದಲ್ಲಿ ಮಾತ್ರ. ಲಾಭ ವರ್ಷಕ್ಕೆ ನೂರಕ್ಕೆ ಎಂಟರಷ್ಟು ಬೆಳೆದರೆ ದೊನ್‌ಗೆ ವಿಶೇಷ ಬಹುಮಾನ. ಎಂಟರ ಮಿತಿಯನ್ನು ನಿರ್ಧರಿಸಿದ್ದು ಮಂಡಳಿ. ಮಂಡಳಿ ಎಂದರೆ ಯಾರೆಂದು ಈಗಷ್ಟೇ ಹೇಳಿದೆ.

ಕಳೆದ ಆರು ವರ್ಷದಲ್ಲಿ ನಮ್ಮ ಲಾಭ ಬೆಳೆದದ್ದೆಷ್ಟು ಬಲ್ಲಿರಾ? ಎಂಟು ದಶಾಂಶ ಒಂದು. ಆರು ವರ್ಷವೂ ಅಷ್ಟೇ. ಸ್ವಾಮೀ, ಸಮುದ್ರಕ್ಕೆ ಶೇಕಡಾವಾರು ಗೊತ್ತಿಲ್ಲ. ಒಂದು ವರ್ಷ ಟ್ಯೂನಾ ಮೀನು ದೋಣಿಗೇ ಬಂದು ಬೀಳುತ್ತದೆ. ಇನ್ನೊಂದು ವರ್ಷ ನೀರು ಬಿಸಿಯಾಗಿ ಮೀನೆಲ್ಲ ದೇಶಾಂತರ ಹೋಗುತ್ತದೆ, ಬೆಸ್ತರು ಬಲೆ ಹೊಲಿಯುತ್ತ ದಡದಲ್ಲೇ ಕೂರುತ್ತಾರೆ. ಆದರೆ ನಮ್ಮ ಲಾಭ ಮಾತ್ರ ಪಳಗಿದ ಕತ್ತೆಯಂತೆ ಪ್ರತಿ ವರ್ಷ ಅದೇ ಹೊತ್ತಿಗೆ, ಅದೇ ಭಾರ ಹೊತ್ತು, ಅದೇ ಬಾಗಿಲಿಗೆ ಬಂದು ನಿಲ್ಲುತ್ತದೆ. ತಮ್ಮ ಕಚೇರಿಯಲ್ಲಿ ಆರು ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲು ಒಂದು ಉದ್ದನೆಯ ಮೇಜೂ ಇಲ್ಲವೇ?

ಕತ್ತೆ ಬರುವ ದಾರಿ ಹೀಗಿದೆ. ಡಿಸೆಂಬರ್ ಕೊನೆಯ ವಾರ ನಾಲ್ಕು ಲಾರಿ ಡಬ್ಬಿ ಹೊರಡುತ್ತವೆ. ಕೊಳ್ಳುವವರು ದೊನ್ ಅವರ ಸ್ನೇಹಿತರ ಮಳಿಗೆಗಳು. ಕಾಗದದಲ್ಲಿ ಮಾರಾಟವಾಯಿತು, ಆ ವರ್ಷದ ಲಾಭಕ್ಕೆ ಸೇರಿತು. ಜನವರಿ ಮೊದಲ ವಾರ ಅದೇ ಡಬ್ಬಿ, ಅದೇ ಲಾರಿ ವಾಪಸು; ಅದೇ ಚಾಲಕ ವಾಷಿಂಗ್ಟನ್ ಮೇರೋ ಹಾರ್ನ್ ಹೊಡೆಯುತ್ತ ಗೇಟಿಗೆ ಬರುತ್ತಾನೆ.

"ಕವಿಗಳೇ, ಬಾಗಿಲು ತೆಗೀರಿ! ಪಾಪ, ಮೀನುಗಳು ಅಜ್ಜಿ ಮನೇಲಿ ರಜಾ ಮುಗಿಸ್ಕೊಂಡು ಬಂದವೆ."

ಅವನು ನನ್ನನ್ನು ಕವಿ ಎನ್ನಲು ಕಾರಣವಿದೆ. ವರ್ಷದ ಕೊನೆಗೆ ನಾವೆಲ್ಲ ಹಳೆಯ ಬಟ್ಟೆಗೆ ಮರದ ಹೊಟ್ಟು ತುಂಬಿ 'ಹಳೇ ವರ್ಷ'ದ ಬೊಂಬೆ ಮಾಡಿ, ಯಾರಾದರೊಬ್ಬ ದೊಡ್ಡವರ ಮುಖ ಅಂಟಿಸಿ ಸುಡುತ್ತೇವಲ್ಲ, ಸುಡುವ ಮುಂಚೆ ಅದರ ಉಯಿಲು ಓದಬೇಕಲ್ಲ, ನಮ್ಮ ಕಾರ್ಖಾನೆಯಲ್ಲಿ ಆ ಉಯಿಲಿಗೆ ಪ್ರಾಸ ಕಟ್ಟುವವನು ನಾನು. ಓದುವವನು ವಾಷಿಂಗ್ಟನ್, ಬೊಂಬೆಯ ವಿಧವೆಯಾಗಿ, ಕಪ್ಪು ಲಂಗ ತೊಟ್ಟು, ಮೀಸೆ ಸಮೇತ. ಉಯಿಲಿನಲ್ಲಿ ಏನು ಹೇಳಿದರೂ ಯಾರೂ ಕೋಪಿಸಿಕೊಳ್ಳುವಂತಿಲ್ಲ. ಕಳೆದ ಡಿಸೆಂಬರ್ ಮೂವತ್ತರ ಮಧ್ಯಾಹ್ನ ಅಂಗಳದಲ್ಲಿ ದೊನ್ ಅವರ ಮುಖದ ಬೊಂಬೆ ಇಟ್ಟು, ದೊನ್ ಅವರ ಎದುರಿಗೇ ಆತ ಎದೆ ಬಡಿದುಕೊಂಡು ಓದಿದ:

"ಡಿಸೆಂಬರಿಗೆ ಮಾರಾಟ, ಜನವರಿಗೆ ವಾಪಸು,
ಡಬ್ಬಿಯೊಳಗಿನ ಮೀನಿಗೂ ಊರು ಸುತ್ತೋ ಮನಸು!
ನಾಲ್ಕು ಲಾರಿ ಹೋಗಿ ಬಂದು ಸವೆದದ್ದು ಬರೀ ಗಾಲಿ,
ಲಾಭ ಮಾತ್ರ ಉಬ್ಬಿ ನಿಂತಿತು, ಗೋದಾಮಾಗ್ಲಿಲ್ಲ ಖಾಲಿ!"

ಎಲ್ಲರಿಗಿಂತ ಜೋರಾಗಿ ನಕ್ಕವರು ದೊನ್. "ಏನಯ್ಯಾ ರಿಗೋ, ನನ್ ಮಾನ ಕಳೆಯೋಕೆ ಇಡೀ ವರ್ಷ ಪ್ರಾಸ ಕೂಡಿಟ್ಟಿದ್ಯಾ?" ಎಂದು ನನ್ನ ಬೆನ್ನು ತಟ್ಟಿದರು. ಅವರ ಪಕ್ಕದಲ್ಲಿ ಹೊರಗಿನ ಲೆಕ್ಕ ಪರಿಶೋಧಕರೂ ಕೂತಿದ್ದರು. ಕೈಯಲ್ಲಿ ಹುಳಿಗೆ ಹಾಕಿದ ಹಸಿ ಮೀನಿನ ಸೆವಿಚೆಯ ಬಟ್ಟಲು. ಅವರು ನಿಂಬೆ ರಸ ಒರೆಸಿಕೊಳ್ಳುತ್ತ ಕೇಳಿದರು: "ದೊನ್, ಈ ಲಾರಿ ವಿಷಯ... ನಿಜಾನಾ?"

"ಪದ್ಯಕ್ಕೆಲ್ಲ ಯಾರಾದ್ರೂ ರಸೀದಿ ಕೇಳ್ತಾರೇನ್ರೀ? ಇನ್ನೊಂದು ಬಟ್ಟಲು ಹಾಕಿಸ್ಕೊಳ್ಳಿ."

ಹಾಕಿಸಿಕೊಂಡರು. ನಮ್ಮ ಕಂಪನಿಯ ಆ ವರ್ಷದ ಏಕೈಕ ಸತ್ಯವಾದ ವರದಿಯನ್ನು ನೂರಾರು ಸಾಕ್ಷಿಗಳ ಎದುರು ಗಟ್ಟಿಯಾಗಿ ಓದಲಾಯಿತು, ಪರಿಶೋಧಕರು ಚಪ್ಪಾಳೆ ತಟ್ಟಿದರು, ಆಮೇಲೆ ಸುಡಲಾಯಿತು.

ನಗದೇ ನಿಂತಿದ್ದವರು ದೋನ್ಯಾ ಓಲ್ಗಾ ಒಬ್ಬರೇ. ಜನವರಿಯಲ್ಲಿ ಲಾರಿಗಳು ಮರಳಿದಾಗ ನಾನು ಬರೆದ ವಾಪಸು ಚೀಟಿಗಳನ್ನು ಹಿಡಿದು ದೊನ್ ಅವರ ಕೋಣೆಗೆ ಹೋದರು. ಚೀಟಿ ನನ್ನದಾದ್ದರಿಂದ ನನ್ನನ್ನೂ ಕರೆದೊಯ್ದರು.

"ಇದು ಮಾರಾಟ ಅಲ್ಲ ದೊನ್, ಪ್ರವಾಸ. ಡಿಸೆಂಬರ್ ಲೆಕ್ಕದಿಂದ ತೆಗೀಬೇಕು."

"ಜನವರಿಲಿ ಬಂದಿದ್ದು ಜನವರಿಗೆ ಬರೀರಿ. ಇಷ್ಟು ವರ್ಷ ಬರೀಲಿಲ್ವಾ?"

"ಬರ್ದೆ. ನಿಮ್ಮ ಮಾತು ನಂಬಿ ಬರ್ದೆ. ಕೊಂಡೋರು ಇಷ್ಟಪಡ್ಲಿಲ್ಲ, ಕಳಿಸಿದ್ರು ಅಂತಿದ್ರಿ. ಈಗ ನೋಡಿ, ಕಟ್ಟಿದ ಹಗ್ಗದ ಗಂಟೂ ಬಿಚ್ಚಿಲ್ಲ."

"ಓಲ್ಗಾ, ಈ ಬಿಸಿಲು ನಿಮ್ಮ ತಲೆಗೆ ಹತ್ತಿದೆ. ಸ್ವಲ್ಪ ತಂಪು ಬೇಕು ನಿಮಗೆ."

ದೊನ್ ನುಡಿದಂತೆ ನಡೆಯುವವರು. ಮಾರನೆಯ ದಿನವೇ ಆಕೆಗೆ ಬಡ್ತಿ: ಮಂಜುಗಡ್ಡೆ ವಿಭಾಗದ ಮುಖ್ಯಸ್ಥೆ. ಆ ವಿಭಾಗದಲ್ಲಿ ಇರುವುದು ಆಕೆ ಮತ್ತು ಮಂಜುಗಡ್ಡೆ. ಲೆಕ್ಕಪತ್ರಕ್ಕೆ ಬೇರೆ ಸಹಿ ಹುಡುಕುವುದರಲ್ಲಿ ಸ್ವಲ್ಪ ತಡವಾಯಿತು. ಕಡೆಗೆ ದೊನ್ ಅವರ ಹೊಸ ಅಳಿಯ ಸಹಿ ಮಾಡಿದ. ತಮ್ಮ ದಫ್ತರದಲ್ಲಿ ಮಾತ್ರ ಇನ್ನೂ ಓಲ್ಗಾ ಅವರ ಹೆಸರೇ ಇತ್ತಂತೆ. ಹೀಗೆ ತಡವಾದದ್ದಕ್ಕೆ ದಂಡ ಅವರಿಗೆ, ಎಂಟು ದಶಾಂಶ ಒಂದರ ಬಹುಮಾನ ದೊನ್‌ಗೆ. ಅಧಿಕಾರ ಒಂದೇ ಕುರ್ಚಿಯಲ್ಲಿ ಕೂತರೆ ಅಂಕಿಗಳು ಆ ಕುರ್ಚಿಯ ಸುತ್ತಲೇ ಕುಣಿಯುತ್ತವೆ. ಇದು ಮಂಜುಗಡ್ಡೆಗೂ ಗೊತ್ತು. ತಮಗೆ ಗೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ, ತಾವು ಓದಿದವರು.

ಇಷ್ಟೆಲ್ಲ ಗೊತ್ತಿದ್ದೂ ನೀನೇಕೆ ಸುಮ್ಮನಿದ್ದೆ ಎಂದು ತಾವು ಕೇಳಬೇಕು. ಕಾನೂನು ಪ್ರಕಾರ ಕಂಪನಿಯ ಲಾಭದಲ್ಲಿ ಕೆಲಸಗಾರರಿಗೂ ಪಾಲುಂಟು. ಲಾಭ ಉಬ್ಬಿದರೆ ನಮ್ಮ ಪಾಲೂ ಉಬ್ಬುತ್ತದೆ. ನನ್ನ ಮನೆಯ ಹೊಸ ತಗಡಿನ ಸೂರಿನಲ್ಲಿ ಎರಡು ಹಾಳೆ ಖಂಡಿತ ಆ ಲಾರಿಗಳಿಂದ ಬಂದವು. ಅದಕ್ಕೇ ನಾನು ಸತ್ಯವನ್ನು ವರ್ಷಕ್ಕೊಮ್ಮೆ, ಪ್ರಾಸದಲ್ಲಿ, ಸುಡುವ ಕಾಗದದ ಮೇಲೆ ಮಾತ್ರ ಹೇಳುತ್ತಿದ್ದೆ. ಮಂಜುಗಡ್ಡೆ ಕೋಣೆಯಲ್ಲಿ ಶಾಲು ಹೊದ್ದು ಕೂತ ಓಲ್ಗಾ ಅವರಿಗೆ ಮೊನ್ನೆ ಬಿಸಿ ಕಾಫಿ ಕೊಟ್ಟು ಹೀಗೇ ಹೇಳಿದೆ. ಆಕೆ ಬಟ್ಟಲಿಗೆ ಕೈ ಕಾಯಿಸಿಕೊಳ್ಳುತ್ತ, "ನಿನ್ ಪದ್ಯ ಚೆನ್ನಾಗಿತ್ತು ರಿಗೋಬೆರ್ತೋ. ಕೆಳಗೆ ನಿನ್ ಸಹಿ ಇರ್ಲಿಲ್ಲ, ಅಷ್ಟೇ" ಎಂದರು.

ಆದ್ದರಿಂದ ಈ ಪತ್ರದಲ್ಲಿ ಪ್ರಾಸವಿಲ್ಲ, ಸಹಿ ಇದೆ. ನನ್ನ ಬೇಡಿಕೆ ದೊಡ್ಡದಲ್ಲ. ಓಲ್ಗಾ ಅವರ ದಂಡ ಮನ್ನಾ ಮಾಡಿ, ಪರವಾನಗಿ ಉಳಿಸಿ. ಆಕೆ ಯಾಕೆ ಸಹಿ ಹಾಕಲಿಲ್ಲ ಎಂಬ ಪ್ರಶ್ನೆಯನ್ನು ಸಹಿ ಹಾಕಿಸಿದವರಿಗೆ ಕೇಳಿ. ಡಿಸೆಂಬರ್ ಇಪ್ಪತ್ತೊಂಬತ್ತಕ್ಕೆ ನಮ್ಮ ಗೇಟಿಗೆ ಬಂದು ನಾಲ್ಕು ಲಾರಿ ಹೊರಡುವುದನ್ನು ನೋಡಿ. ಜನವರಿ ಮೂರಕ್ಕೆ ಬಂದು ಅವು ಮರಳುವುದನ್ನು ನೋಡಿ. ಬಸ್ಸಿನ ಖರ್ಚಿಗೆ ಸರ್ಕಾರದಲ್ಲಿ ಅನುದಾನವಿಲ್ಲದಿದ್ದರೆ ವಾಷಿಂಗ್ಟನ್ ತನ್ನ ಲಾರಿಯಲ್ಲೇ ಕರೆತರುತ್ತಾನಂತೆ, ಹೇಗೂ ಅವನು ಬರುವವನೇ. ಆರು ವರ್ಷದ ವಾಪಸು ಚೀಟಿಗಳ ಪ್ರತಿಗಳು ನನ್ನ ಹತ್ತಿರ ಇವೆ. ಸುಟ್ಟಿಲ್ಲ.

ಇನ್ನೊಂದು ವಿಷಯ. ಈ ವರ್ಷದ ಬೊಂಬೆಗೆ ಹೊಟ್ಟು ತುಂಬಿ ಆಗಿದೆ, ಅಂಗಿ ತೊಡಿಸಿ ಆಗಿದೆ, ಕೊರಳಿಗೆ ಟೈ ಕೂಡ ಕಟ್ಟಿದ್ದೇವೆ. ಮುಖ ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ. ದೊನ್ ಅವರದು ಹೋದ ವರ್ಷವೇ ಆಯಿತು. ಮೂವತ್ತನೇ ತಾರೀಖು ಮಧ್ಯಾಹ್ನದವರೆಗೆ ತಮ್ಮ ಉತ್ತರಕ್ಕೆ ಕಾಯುತ್ತೇವೆ.

ಇಂತಿ,
ಆರು ವರ್ಷ ತಡವಾಗಿ ಸಹಿ ಹಾಕುತ್ತಿರುವ,
ರಿಗೋಬೆರ್ತೋ ಸೆದೇನ್ಯೋ
ರವಾನೆ ಗುಮಾಸ್ತ (ಈ ಬಹಿರಂಗ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವ ಹೊತ್ತಿಗೆ ಬಹುಶಃ ಮಂಜುಗಡ್ಡೆ ವಿಭಾಗ)